ಓಟಿಲಿಯಾ ಕಾಯುವ ಗೆರೆಗಳು

ಮೆಕ್ಸಿಕೋದ ಟೊಲುಕಾ ಊರಿನ ನಮ್ಮ ಹೆರಿಗೆ ವಾರ್ಡಿನ ಹಿರಿಯ ನರ್ಸ್ ಓಟಿಲಿಯಾಗೆ ಬಸುರಿಯರ ಮುಖಕ್ಕಿಂತ ಹೊಟ್ಟೆಯೇ ಚೆನ್ನಾಗಿ ನೆನಪಿರುತ್ತದೆ. ನೋವು ಬರಿಸುವ ಡ್ರಿಪ್ ಹಾಕಿದವರ ಹೊಟ್ಟೆಗೆ ತಂತಿಯ ಬಿಲ್ಲೆಗಳನ್ನು ಅಂಟಿಸಿ, ಗರ್ಭಕೋಶ ಬಿಗಿದಾಗಲೆಲ್ಲ ಅದರ ವಿದ್ಯುತ್ತು ಪರದೆಯಲ್ಲಿ ಗೆರೆಯಾಗಿ ಏಳುವುದನ್ನು ದಿನವಿಡೀ ಕಾಯುತ್ತಾಳೆ. "ನಗ್ಬೇಡ ಕಣೇ ಮಗಳೇ, ಗೆರೆ ಕುಣಿಯತ್ತೆ," ಎನ್ನುತ್ತಾಳೆ. ಅಲ್ಲಿ ನಗುವವರಾದರೂ ಯಾರು? ಅವಳ ಲೋಟದಲ್ಲಿ ಮೆಕ್ಕೆಜೋಳದ ಗಂಜಿ ಅಟೋಲೆ ಆರಿ ಕೆನೆಗಟ್ಟುತ್ತದೆ, ನಿಂತು ನಿಂತು ಕಾಲು ಬಾತುಕೊಳ್ಳುತ್ತದೆ. ಮೊನ್ನೆ ಚೊಚ್ಚಲ ಬಸುರಿ ನಯೇಲಿಯ ಗೆರೆಗಳು ಬಿಡುವೇ ಇಲ್ಲದೆ ಒಂದರ ಮೇಲೊಂದು ಎದ್ದವು. ಮಗುವಿನ ಎದೆಬಡಿತ ಇಳಿಯತೊಡಗಿತು. ಓಟಿಲಿಯಾ ಯಾರನ್ನೂ ಕೇಳದೆ ಡ್ರಿಪ್ ನಿಲ್ಲಿಸಿ, ಅವಳನ್ನು ಎಡಮಗ್ಗುಲಿಗೆ ಹೊರಳಿಸಿದಳು. "ಯಾರನ್ನ ಕೇಳಿ ನಿಲ್ಲಿಸ್ದೆ?" ಎಂದು ಡಾಕ್ಟರ್ ಗದರಿದರು. "ಆಮೇಲೆ ಬೈಯಿರಿ ಡಾಕ್ಟ್ರೇ, ಮೊದ್ಲು ಪರದೆ ನೋಡಿ." ಅವರು ಪರದೆಯತ್ತ ಬಗ್ಗಿದರು. ಬಡಿತ ಮರಳಿತು, ಸಂಜೆಗೆ ಹೆಣ್ಣುಮಗು ಅತ್ತಿತು. ಬಿಲ್ಲೆ ಬಿಡಿಸಲು ಬಗ್ಗಿದ ಓಟಿಲಿಯಾ ಅರ್ಧಕ್ಕೇ ನಿಂತಳು. "ನೀನೇ ತೆಗಿಯಮ್ಮ, ನಂಗೆ ಹೆದರಿಕೆ ಈಗ ಬಂತು," ಎಂದು ಕಿರಿಯ ನರ್ಸಾದ ನನಗೆ ಹೇಳಿ, ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.