ಚೀಟಿ ಬದಲಾಗದ ತಂತಿ

ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನೆಟ್ ಹೋಯಿತೆಂದು ಮತ್ತೆ ಮತ್ತೆ ಫೋನ್ ಮಾಡಿದವನಿಗೆ ಸಿಗುವ ಮಂಗಳಾರತಿ ಕೇಳಲು ಅಕ್ಕಪಕ್ಕದವರು ಕೆಲಸ ಬಿಟ್ಟು ಕಿವಿ ನಿಮಿರಿಸುತ್ತಿದ್ದರು. ಆದರೆ ನೆಟ್‌ವರ್ಕಿಗೆ ಕದ್ದು ಸೇರಿಸಿದ ಕಳ್ಳ ಯಂತ್ರ ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರುತ್ತದೆ. ಅದು ತಂತಿ ಸಿಕ್ಕಿಸುವ ಯಾವ ತೂತಿನಿಂದ ಬಂತೆಂದು, ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಿಂಬಾಲಿಸುತ್ತಾ ಹೋದರೆ ಕೊನೆಗೆ ಯಾರದೋ ಮೇಜಿನ ಕಾಲು ಸಿಗುತ್ತದೆ.

ಒಂದು ದಿನ ಗುರುತಿಲ್ಲದ ವಿಳಾಸವೊಂದು ಕಣ್ಣಿಗೆ ಬಿತ್ತು. ಬೆನ್ನು ಹತ್ತಿ ಹೋದರೆ ಅದರ ತಂತಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಸೂರಿನೊಳಗೆ ನುಗ್ಗಿತ್ತು. ಏಣಿ ಹತ್ತಿ ಹಲಗೆ ಸರಿಸಿದಳು. ಕಡಲೆಕಾಳಿನಷ್ಟು ಗಾತ್ರದ ಕ್ಯಾಮೆರಾ. ಅವಳೂ ದಿನಾ ಅಲ್ಲೇ ಬಟ್ಟೆ ಬದಲಿಸುತ್ತಿದ್ದವಳು. ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ಚಿತ್ರ ಎಳೆದುಕೊಳ್ಳುತ್ತಿದ್ದ ಕಂಪ್ಯೂಟರಿನ ವಿಳಾಸವನ್ನೂ ಹುಡುಕಿದಳು. ಸಿಕ್ಕ ತೂತಿನ ತಂತಿಗೆ 'ಕರೆಂಟ್ ರೂಮು' ಎಂದು ಚೀಟಿ ಅಂಟಿತ್ತು. ಅಂದರೆ ಎಲೆಕ್ಟ್ರಿಷಿಯನ್ ಕೂರುವ ಜಾಗ. ತಂತಿ ಕಿತ್ತು, ಯಾರ ಲೈನ್ ಸತ್ತಿತೆಂದು ನೋಡಿ ಖಾತ್ರಿ ಮಾಡಿಕೊಳ್ಳುವುದು ಅವಳ ಪದ್ಧತಿ. ಅವತ್ತು ಸಿಟ್ಟು ನೆತ್ತಿಗೇರಿತ್ತು, ಪದ್ಧತಿ ಮೂಲೆ ಸೇರಿತು. ನೇರ ಹೊಲಿಗೆ ಹಾಲಿಗೆ ನುಗ್ಗಿದಳು.

"ನಾವು ಬಟ್ಟೆ ಬಿಚ್ಚೋದನ್ನ ನೋಡ್ತಾ ಕೂತಿದಾನೆ ಕಣ್ರೇ, ಆ ಎಲೆಕ್ಟ್ರಿಷಿಯನ್!"

ಮಿಷನ್‌ಗಳು ನಿಂತವು. ಅವನನ್ನು ಕಾಲರ್ ಹಿಡಿದು ಅಂಗಳಕ್ಕೆ ಎಳೆತಂದರು. ಮೊದಲ ಏಟು ತಂತಿಯಕ್ಕನದೇ; ಅವನ ತುಟಿ ಸೀಳಿತು. "ಅಕ್ಕಾ, ಏನಾಯ್ತಕ್ಕಾ?" ಎಂದ. ಉತ್ತರವಾಗಿ ಗಜಕೋಲು ಬೆನ್ನ ಮೇಲೆ ಮುರಿಯಿತು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದರು. ಯಾರೋ ಬಿಸಿ ಇಸ್ತ್ರಿಪೆಟ್ಟಿಗೆ ತಂದು ಅವನ ಅಂಗೈಗೆ ಒತ್ತಿದರು. ಅವನು ಕೂಗಿದ ಕೂಗಿಗೆ ತಂತಿಯಕ್ಕನ ಎದೆ ತಣ್ಣಗಾಯಿತು. ಹೌದು, ಹಾಯೆನಿಸಿತು ಅವಳಿಗೆ.

ಕಂಪ್ಯೂಟರನ್ನು ಸಾಕ್ಷಿಗೆ ಎತ್ತಿಡೋಣವೆಂದು ಅವನ ಕೋಣೆಗೆ ಹೋದಳು. ಅದರ ಮೇಲೆ ಒಂದು ಪದರ ಧೂಳು. ಪ್ಲಗ್ಗೇ ಹಾಕಿರಲಿಲ್ಲ. ಗೋಡೆಯ ಸ್ವಿಚ್ ಪೆಟ್ಟಿಗೆ ನೋಡಿದರೆ ಆ ವಿಳಾಸ ಇನ್ನೂ ಜೀವಂತ, ಇನ್ನೂ ಚಿತ್ರ ಎಳೆಯುತ್ತಲೇ ಇತ್ತು. ಮಹಡಿಯ ಕೋಣೆಗಳನ್ನು ಒಡೆದು ಕಟ್ಟಿದಾಗ ಈ ತಂತಿಯನ್ನು ಮೇಲಕ್ಕೆ ತಿರುಗಿಸಿದ್ದವಳು ಅವಳೇ. ಚೀಟಿ ಆಮೇಲೆ ಬದಲಿಸಿದರಾಯಿತೆಂದು ಬಿಟ್ಟವಳೂ ಅವಳೇ. ಯಾವ ಕೋಣೆಗೆ ಹೋಯಿತೋ ನೆನಪಿಲ್ಲ. ಪಾಪಿ ಹೆಂಗಸು, ಈಗ ತಂತಿ ಕಿತ್ತಳು, ಕಿತ್ತು ಅಂಗಳಕ್ಕೆ ಓಡಿದಳು.

"ಬಿಡ್ರೇ! ಅವನಲ್ಲ! ಸತ್ತೋಗ್ತಾನೆ, ಬಿಡ್ರೇ!"

ಯಾರೂ ಕೇಳಲಿಲ್ಲ. ನಡುವೆ ನುಗ್ಗಿದವಳ ಹೆಗಲಿಗೂ ಒಂದು ಏಟು ಬಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸ್ಪೀಕರ್ ಒತ್ತಿ ಮೇಲೆತ್ತಿ ಹಿಡಿದಳು.

"ಏನಮ್ಮಾ, ಇದ್ದಕ್ಕಿದ್ದಂಗೆ ನನ್ನ ಲೈನ್ ಹೋಯ್ತಲ್ಲ?" ಮಹಡಿಯ ಮೇಲಿನ ಮ್ಯಾನೇಜರ್. "ಕೆಳಗಡೆ ಅದೇನು ಗಲಾಟೆ? ಅದಿರ್ಲಿ, ಮೊದ್ಲು ನನ್ನ ನೆಟ್ ಹಾಕು."

"ಕೇಳಿಸ್ತೇನ್ರೇ?" ತಂತಿಯಕ್ಕ ಕೂಗಿದಳು. "ಕ್ಯಾಮೆರಾ ನೋಡ್ತಿದ್ದ ತಂತಿ ಈಗ ಕಿತ್ತೆ. ಹೋಗಿದ್ದು ಇವರ ಲೈನು."

ಇಡೀ ಗುಂಪು ಮೆಟ್ಟಿಲಿನತ್ತ ಓಡಿತು. ಮೇಲೆ ಗಾಜು ಪುಡಿಯಾಯಿತು, ಮ್ಯಾನೇಜರ್ ಚೀರಿದ. ತಂತಿಯಕ್ಕ ತಿರುಗಿಯೂ ನೋಡಲಿಲ್ಲ.

ಎಲೆಕ್ಟ್ರಿಷಿಯನ್ ರಕ್ತದಲ್ಲಿ ಮುದುಡಿಕೊಂಡು ಬಿದ್ದಿದ್ದ. ಅವಳು ಮಂಡಿಯೂರಿ, ಅವನ ತಲೆ ಎತ್ತಲೆಂದು ಕೈ ಚಾಚಿದಳು. ಅವನು ಸುಟ್ಟ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದ.

"ಹೊಡೀಬೇಡಕ್ಕಾ," ಎಂದ, "ನಾನೇ ನೋಡಿದ್ದು ಅಂತ ಒಪ್ಕೋತೀನಿ."