ಕೊನೇದು ಮನೇಲದೆ

ಅರಿಸಿನ ಹಳೇದಾದರೆ ವಾಸನೆ ಹೋಗುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಸುಳ್ಳು. ಹೋದ ವಾರದಿಂದ ನಮ್ಮ ಮನೆಯ ಟೀವಿ ಪಕ್ಕದಲ್ಲಿ ಒಂದು ಪುಸ್ತಕವಿದೆ. ತೆಳ್ಳನೆಯದು, ರಟ್ಟು ಬಿಳಚಿಕೊಂಡಿದೆ, ಬೆನ್ನಿನ ಕಡೆ ಹುಳ ಹಿಡಿದಿದೆ. ಅದರ ನಾಲ್ಕು ಮೂಲೆಗೂ ಯಾರೋ ಅರಿಸಿನ ಹಚ್ಚಿದ್ದಾರೆ. ಯಾರೋ ಏನು ಬಂತು, ಯಾರು ಅಂತ ನನಗೆ ಗೊತ್ತು. ಕಸ ಗುಡಿಸುವಾಗ ಆ ಕಡೆ ಬಗ್ಗಿದರೆ ಸಾಕು, ಅರಿಸಿನ, ಒಣಗಿದ ಬೇವಿನೆಲೆ, ಟ್ರಂಕಿನ ತುಕ್ಕು ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಆಗ ಕಣ್ಣು ತಾನಾಗಿ ಎದುರುಮನೆ ಬಾಗಿಲ ಕಡೆ ಹೋಗುತ್ತದೆ. ಅದಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ಆದರೂ ಹೋಗುತ್ತದೆ.

ನಾನು ಯಳಂದೂರಿಂದ ಮದುವೆಯಾಗಿ ಕೊಳ್ಳೇಗಾಲದ ಈ ಬೀದಿಗೆ ಬಂದವಳು. ಬಾಯಿ ಜೋರು ಅಂತ ತವರಲ್ಲೇ ಹೆಸರು ಪಡೆದಿದ್ದೆ, ಆ ಹೆಸರನ್ನು ಇಲ್ಲೂ ಉಳಿಸಿಕೊಂಡಿದ್ದೇನೆ. ಆಗ ಬೀದಿ ತುಂಬ ಮಗ್ಗದ ಸದ್ದು. ಎದುರುಮನೆ ಜಗಲಿಯ ಮೇಲೆ ಒಬ್ಬ ಹೆಂಗಸು ರಾಟೆ ಇಟ್ಟುಕೊಂಡು ಮಗ್ಗದವರಿಗೆ ರೇಷ್ಮೆ ನೂಲು ಸುತ್ತುತ್ತಾ ಕೂತಿರುತ್ತಿದ್ದಳು. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ. ನಾನು ಅಕ್ಕ ಅಂತ ಕರೆದೆ. ಕರೆದಾಗಲೆಲ್ಲ ರಾಟೆ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು. ಕಿವಿ ಮಂದ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವಳು ಬೇರೆ ಯಾರದೋ ದನಿಗೆ ಕಾಯುತ್ತಿದ್ದಳು ಅಂತ.

ಅವಳಿಗೊಬ್ಬಳು ತಂಗಿ. ರೇಷ್ಮೆಗೂಡು ಕೊಳ್ಳೋಕೆ ಗಡಿಯ ಪಾಲಾರ್ ಹೊಳೆ ಆಚೆಯಿಂದ ಬರುತ್ತಿದ್ದ ತಮಿಳಿನ ಹುಡುಗನ ಜೊತೆ ಹೊರಟುಹೋಗಿದ್ದಳು. ಅಪ್ಪ ಸಾಯುವಾಗ ಅಕ್ಕನ ಕೈ ತನ್ನ ನೆತ್ತಿಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿಕೊಂಡನಂತೆ. ಹೊಳೆ ದಾಟಿ ಅವಳ ಮನೆಗೆ ಹೋಗಕೂಡದು, ಅವಳಿಗೆ ಕಾಗದ ಬರೆಯಕೂಡದು, ಬಾ ಅಂತ ಕರೆಯಕೂಡದು. ಸಾಯೋರು ಸುಮ್ಮನೆ ಸಾಯಬಾರದಾ? ಇದ್ದೋರ ಕೈಕಾಲು ಕಟ್ಟಿ ಹೋಗುತ್ತಾರೆ. ನಾನು ಹಾಗೇ ಅಂದುಬಿಟ್ಟೆ ಒಂದು ದಿನ, ಅಕ್ಕನ ಮುಂದೆಯೇ. ಅವಳಿಗೆ ಸಿಟ್ಟು ಬರಲಿಲ್ಲ.

"ತಾನಾಗೇ ಬಂದ್ರೆ ಬ್ಯಾಡ ಅನ್ನು ಅಂತ ಅಪ್ಪ ಏಳ್ನಿಲ್ಲ ಕಣವ್ವ" ಅಂದಳು. ಅಂದು, ಮತ್ತೆ ರಾಟೆ ತಿರುಗಿಸಿದಳು.

ಅವಳು ಮಧ್ಯಾಹ್ನದ ಹೊತ್ತು ಏನೋ ಬರೆಯುತ್ತಾಳೆ ಅಂತ ಬೀದಿಗೆಲ್ಲ ಗೊತ್ತಿತ್ತು. ಪುಸ್ತಕ ಅಂತ ಗೊತ್ತಾದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. "ಅದೇನಕ್ಕ, ಕಾಗದ ಬರೀಬಾರ್ದು ಅಂತ ಆಣೆ ಇಕ್ಕಂಡು ಇಷ್ಟೊಂದು ಬರೀತಿದ್ದೀಯಾ?" ಅಂದೆ.

"ಕಾಗದ ಬರೀಬ್ಯಾಡ ಅಂದಿದ್ರು, ಪುಸ್ತಕ ಬರೀಬ್ಯಾಡ ಅಂದಿರ್ನಿಲ್ಲ" ಅಂದಳು.

ಆಗ ನನ್ನ ನಗು ನಿಂತಿತು.

ಅಕ್ಕತಂಗಿಯರ ಕಥೆಯೇ ಅದು. ಇಬ್ಬರೂ ಹುಳ ಸಾಕುತ್ತಾರೆ, ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾರೆ, ಜಗಳ ಆಡುತ್ತಾರೆ, ಒಂದೇ ಕಂಬಳಿಯಲ್ಲಿ ಮಲಗುತ್ತಾರೆ. ತಂಗಿ ಹೊಳೆ ದಾಟುತ್ತಾಳೆ. ಗೌರಿ ಹಬ್ಬ ಬರುತ್ತದೆ. ತವರಿಂದ ಹೆಣ್ಣುಮಗಳಿಗೆ ಬಾಗಿನ ಹೋಗಬೇಕಲ್ಲ, ಅಕ್ಕ ಒಂದು ಮೊರಕ್ಕೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ ಕುಂಕುಮ ಎಲ್ಲ ತುಂಬುತ್ತಾಳೆ. ಮೇಲೆ ಮುಚ್ಚಲು ಇನ್ನೊಂದು ಮೊರಕ್ಕೆ ಕೈ ಚಾಚುತ್ತಾಳೆ. ಅಲ್ಲಿಗೆ ಪುಸ್ತಕ ನಿಲ್ಲುತ್ತದೆ. ಮುಂದೆ ಒಂದಕ್ಷರವಿಲ್ಲ.

ಪ್ರೆಸ್ಸಿನವರು ಒಪ್ಪಲಿಲ್ಲವಂತೆ. ಅಚ್ಚಿನ ಮೊಳೆ ಜೋಡಿಸುವವರೇ ಕೆಲಸ ಬಿಟ್ಟು ಎದ್ದು ಬಂದು, "ಕೊನೆ ಇಲ್ದಿರೋ ಪುಸ್ತಕ ಯಾರಮ್ಮ ತಕತಾರೆ? ಕೈಕಾಲು ಇಲ್ದ ಗೊಂಬೆ ಮಾಡಿದಂಗಾಯ್ತದೆ" ಅಂದರಂತೆ. ಅಕ್ಕ ಜಗ್ಗಲಿಲ್ಲ. ಅವಳು ಬರೆಯದೆ ಬಿಟ್ಟ ಕೊನೆಯಲ್ಲಿ ತಂಗಿ ಬರುತ್ತಾಳಲ್ಲ, ಅದನ್ನು ಅಚ್ಚು ಹಾಕಿದರೆ ಬಾ ಅಂತ ಬರೆದು ಕರೆದ ಹಾಗೆ. ಬಾಯಲ್ಲಿ ಹೇಳಿದರೆ ಕಥೆ ಹೇಳಿದ ಹಾಗೆ. ಅವಳ ಲೆಕ್ಕ ಅದು. ಆಣೆಯ ಬೇಲಿಯಲ್ಲಿ ಸಿಕ್ಕ ಸಂದಿನಲ್ಲೇ ನುಸುಳುವ ಲೆಕ್ಕ.

ಪುಸ್ತಕ ಕೈಗೆ ಬಂದ ಮೇಲೆ ಅಕ್ಕ ಮನೆಯಲ್ಲಿ ನಿಲ್ಲಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಹನೂರಿನ ಬಸ್ಸು ಹತ್ತುವಳು, ಕಾಮಗೆರೆಯಲ್ಲಿ ಇಳಿದು ಆಸ್ಪತ್ರೆ ಹೊರಗೆ ಕಾದು ಕೂತವರ ಹತ್ತಿರ ಹೋಗುವಳು. ಕಾಯೋರಿಗೆ ಓದೋಕೆ ಹೊತ್ತಿರುತ್ತದೆ ಅಂತ ಅವಳ ಎಣಿಕೆ. ದುಡ್ಡು ಕೊಟ್ಟರೆ ಸರಿ, ಕೊಡದಿದ್ದರೂ ಪುಸ್ತಕ ಕೊಟ್ಟು ಬರುವಳು. ಓದು ಬರದವರಿಗೂ ಕೊಡುತ್ತಿದ್ದಳು, ಮನೆಯಲ್ಲಿ ಯಾರಾದರೂ ಓದಿ ಹೇಳುತ್ತಾರೆ ಬುಡು ಅಂತ. ನನ್ನ ತಮ್ಮನ ಮದುವೆಗೆ ಯಳಂದೂರಿಗೆ ಕರೆದುಕೊಂಡು ಹೋದರೆ ಮುಯ್ಯಿಗೂ ಅದೇ ಪುಸ್ತಕ. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು, ನನಗೆ ನಾಚಿಕೆಯಾಗಿ ಸೆರಗು ಬಾಯಿಗೆ ಇಟ್ಟುಕೊಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗೊಣಗಿಕೊಂಡೆ. ಅಕ್ಕ ಮಾತ್ರ ಕೊಟ್ಟವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

"ಓದಿ ಮುಗಿಸ್ಕಂಡು ಬನ್ನಿ. ಕೊನೇದು ಮನೇಲದೆ."

ಬಂದರು ಸ್ವಾಮಿ! ನಾನೇ ನಂಬಿರಲಿಲ್ಲ. ಸಂತೆಗೆ ಬಂದ ಹನೂರಿನ ಹೆಂಗಸರು, ಔಷಧಿ ತರೋಕೆ ಬಂದವರು, ಸೀರೆ ಕೊಳ್ಳೋಕೆ ಬಂದವರು, ಕೊನೆಗೆ ಆ ಯಳಂದೂರಿನ ಮದುಮಗಳೂ ಬಂದಳು, ಬಸುರಿ ಹೊಟ್ಟೆ ಹೊತ್ತುಕೊಂಡು. ಅಕ್ಕ ಅವರನ್ನು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ರಾಟೆ ನಿಲ್ಲಿಸಿ ಕೊನೆ ಹೇಳುತ್ತಿದ್ದಳು. ಎಲ್ಲರಿಗೂ ಅದೇ ಕೊನೆ, ಅವೇ ಮಾತು. ನಾನು ಈ ಕಡೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಆದರೆ ಯಾರು ಬಂದು ಬಾಗಿಲಲ್ಲಿ ನಿಂತರೂ ಅಕ್ಕ ಮೊದಲು ಅವರ ಮುಖ ನೋಡುತ್ತಿರಲಿಲ್ಲ, ಅವರ ಬೆನ್ನ ಹಿಂದೆ ನೋಡುತ್ತಿದ್ದಳು... ಇನ್ಯಾರಾದರೂ ಬಂದಿದ್ದಾರಾ ಅಂತ.

ಮಾತು ಹರಡಿ ಹರಡಿ ಹೊಳೆಯಾಚೆಗೂ ಹೋಗುತ್ತದೆ, ತಂಗಿ ಕೇಳಿಸಿಕೊಂಡು ಬರುತ್ತಾಳೆ ಅಂತ ಅಕ್ಕ ಕಾದಳು. ಬರಲಿಲ್ಲ. ಒಂದು ಗೌರಿ ಹಬ್ಬಕ್ಕೆ ಅವಳು ಒಂದು ಪುಸ್ತಕವನ್ನು ಮಣೆಯ ಮೇಲಿಟ್ಟು ನಾಲ್ಕು ಮೂಲೆಗೂ ಅರಿಸಿನ ಹಚ್ಚಿದಳು. ನಾನು ನೋಡುತ್ತಾ ನಿಂತಿದ್ದೆ. ಬೆಟ್ಟದ ಮೇಲೆ ಹಾದು ಪಾಲಾರಿಗೆ ಹೋಗುವ ಬಸ್ಸಿನ ಕಂಡಕ್ಟರು ಪರಿಚಯದವನು. ತಂಗಿಯ ಊರು, ಅವಳ ಗಂಡನ ಹೆಸರು ಹೇಳಿ ಅವನ ಕೈಗೆ ಕೊಟ್ಟಳು.

"ಎಲ್ಲರ್ಗೂ ಏಳೋ ಮಾತೇ ಏಳಪ್ಪ, ಜಾಸ್ತಿ ಏನೂ ಬ್ಯಾಡ. ಕೊನೇದು ಮನೇಲದೆ ಅನ್ನು" ಅಂದಳು.

"ಆಯ್ತು ಕಣಕ್ಕ" ಅಂದ ಅವನು. ಆಮೇಲೆ ಕೇಳಿದಾಗ, ಗಡಿಯ ಹತ್ತಿರ ಮೀನು ಹಿಡಿಯುವವನ ಕೈಲಿ ಕಳಿಸಿದೆ, ತಲುಪಿದೆ ಅಂದ. ತಲುಪಿತು ಅಂದಮೇಲೆ ಅಕ್ಕ ಬೇರೆಯೇ ಆಗಿಹೋದಳು. ದಿನಾ ಸಾಯಂಕಾಲ ಪಾಲಾರ್ ಕಡೆಯ ಬಸ್ಸು ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಎರಡು ತಟ್ಟೆ ಬೋರಲು ಹಾಕಿ, ಬಾಗಿಲು ತೆರೆದು ಕೂರುವಳು. ಕೂತೇ ವರ್ಷಗಳು ಹೋದವು. ಕೂದಲು ಬೆಳ್ಳಗಾಯಿತು. ನಾನು ತಡೆಯಲಾರದೆ, "ಓದಿದ್ರೂ ಬರ್ನಿಲ್ವಲ್ಲ ಅಕ್ಕ, ಕಲ್ಲು ಮನಸಿನೋಳು" ಅಂತ ಬೈದುಬಿಟ್ಟೆ. ಅದೊಂದೇ ಸಲ ಅಕ್ಕ ನನ್ನ ಮೇಲೆ ಕೂಗಾಡಿದ್ದು. ಅವಳ ತಂಗಿಯನ್ನು ಬೈಯಲು ನನಗೆ ಅಧಿಕಾರವಿಲ್ಲವಂತೆ.

ಅಕ್ಕ ಹೋದದ್ದೂ ಅಂಥದೇ ಸಾಯಂಕಾಲ, ಆ ಜಗಲಿಯ ಮೇಲೆಯೇ. ಗೋಡೆಗೆ ಒರಗಿಕೊಂಡಿದ್ದಳು. ನಿದ್ದೆ ಬಂದಿದೆ ಅಂದುಕೊಂಡು ನಾನು ಅಕ್ಕ ಅಂತ ಕರೆದೆ... ಒಂದು ಗಳಿಗೆ ತಡೆದು ತಿರುಗುತ್ತಾಳೆ ಅಂತ ನಿಂತೇ ಇದ್ದೆ.

ಮನೆಗೆ ಬೀಗ ಬಿತ್ತು. ಆದರೆ ಪುಸ್ತಕಗಳು ಇನ್ನೂ ಊರೂರು ಸುತ್ತುತ್ತಿದ್ದವು. ಅತ್ತೆ ಸೊಸೆಗೆ ಕೊಟ್ಟು, ಸೊಸೆ ನಾದಿನಿಗೆ ಕೊಟ್ಟು, ಯಾರೋ ಯಾವಾಗಲೋ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತು, "ಅಮ್ಮಾ, ಕೊನೇದು ಕೇಳಕೆ ಬಂದ್ವಿ" ಅಂತ ಕೂಗುವರು. ವಾಪಸ್ ಕಳಿಸಲು ಮನಸ್ಸಾಗದೆ ನಮ್ಮ ಜಗಲಿಗೆ ಕರೆದು ನಾನೇ ಹೇಳತೊಡಗಿದೆ. ಹೇಳುವಾಗ ಒಂದು ವಿಚಿತ್ರ ಆಗುತ್ತಿತ್ತು. ನಾನು ಗಟ್ಟಿ ಗಂಟಲಿನವಳು, ಬೀದಿ ತುದಿಗೆ ಕೇಳಿಸುತ್ತದೆ. ಕೊನೆ ಹೇಳುವಾಗ ಮಾತ್ರ ದನಿ ತಾನಾಗಿ ತಗ್ಗುತ್ತಿತ್ತು, ಅಕ್ಕ ನಿಲ್ಲಿಸುತ್ತಿದ್ದ ಕಡೆಯೇ ನಿಲ್ಲುತ್ತಿತ್ತು. ನಮ್ಮ ಯಜಮಾನರು ಒಂದು ಸಲ ಒಳಗಿಂದ ಎದ್ದು ಬಂದು, ಎದುರುಮನೆಯವರು ಬಂದಿದ್ದಾರಾ ಅಂತ ಕೇಳಿ, ತಾವೇ ಬೆವರಿಬಿಟ್ಟರು.

ಹೋದ ವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಎದುರುಮನೆ ಮುಂದೆ ನಿಂತಿದ್ದಳು. ನಾನು ಅಭ್ಯಾಸದಂತೆ, "ಕೊನೇದು ಕೇಳೋಕಾ? ಇಲ್ಲಿ ಬಾರವ್ವ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಹತ್ತಿರ ಬಂದಳು. ಕೈಯಲ್ಲಿ ಪುಸ್ತಕ. ಮೂಲೆಗೆ ಅರಿಸಿನ.

ಅರಿಸಿನ ಹಚ್ಚಿದ ಪುಸ್ತಕ ಇದ್ದದ್ದು ಒಂದೇ, ಹೊಳೆಯಾಚೆ ಹೋದದ್ದು. ತಂಗಿಯ ಮಗಳು ಅವಳು.

"ಅಮ್ಮಾ ಓದ ಆಡಿ ತಿಂಗ್ಳಲ್ಲಿ, ನಿಮ್ಮ ಆಷಾಡ್ದಲ್ಲಿ, ತೀರ್ಕಂಡ್ರು ಆಂಟಿ. ಪೆಟ್ಟೀಲಿ ಇದಿತ್ತು. ನಂಗೆ ಕನ್ನಡ ಮಾತಾಡಕೆ ಬತ್ತದೆ, ಓದಕ್ಕೆ ತೆರಿಯಾದು. ಒಳಗೆ ಅಡ್ರೆಸ್ ಇತ್ತಲ್ಲ, ಒಬ್ರ ಕೈಲಿ ಓದಿಸ್ಕಂಡು ಬಂದೆ" ಅಂದಳು. ಮತ್ತೆ ಅವಳೇ ಹೇಳಿದಳು. "ಗೌರಿ ಹಬ್ಬದಲ್ಲಿ ಅಮ್ಮಾ ಇದ್ನ ತಗ್ದು ಓದ್ತಿದ್ರು. ಓದಿ ಅಳ್ತಿದ್ರು. ಯಾಕೆ ಅಂದ್ರೆ, ಅಕ್ಕ ಮೊರ ತುಂಬಿ ಮುಚ್ಚದೆ ಕಳ್ಸವ್ಳೆ, ಮುಚ್ಚದಿದ್ರೆ ಅದು ಬಾಗಿನ ಅಲ್ಲ, ತವರು ಇಲ್ಲಿಗೆ ಮುಗೀತು ಅಂತ ಅರ್ಥ, ಇನ್ನ ನಾನು ಓಗಬಾರ್ದು ಅಂತಿದ್ರು."

"ತಂದುಕೊಟ್ಟವನು ಏನೂ ಹೇಳಲಿಲ್ಲವಾ?" ಅಂದೆ.

"ಮೀನವ್ರು ತಂದ್ರಂತೆ. ಇದು ನಿಂಗಂತೆ ಅಂದ್ರಂತೆ. ಅಷ್ಟೇ."

ಅಷ್ಟೇ! ಕಂಡಕ್ಟರಿನಿಂದ ಮೀನಿನವನಿಗೆ ಕೈ ಬದಲಾಗುವಾಗ ಎರಡು ಮಾತು ದಡದಲ್ಲೇ ಉಳಿದುಹೋಗಿದ್ದವು. ಇಡೀ ಹನೂರು, ಕಾಮಗೆರೆ, ಯಳಂದೂರಿಗೆ ಗೊತ್ತಿದ್ದ ಕೊನೆ, ಯಾರಿಗಾಗಿ ಬರೆದದ್ದೋ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಈ ದಡದಲ್ಲಿ ಅಕ್ಕ ಬಾಗಿಲು ತೆರೆದು ಕೂತಿದ್ದಳು. ಆ ದಡದಲ್ಲಿ ತಂಗಿ ಬಾಗಿಲು ಮುಚ್ಚಿತೆಂದು ಅಳುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ನಾನು ಆ ತಂಗಿಯನ್ನು ಕಲ್ಲು ಮನಸಿನವಳು ಅಂದಿದ್ದೆ.

ಆ ಮಗಳನ್ನು ಕೂರಿಸಿ ಕೊನೆ ಹೇಳಿದೆ.

ಅಕ್ಕ ಎರಡನೇ ಮೊರ ತೆಗೆದು ಬಾಗಿನ ಮುಚ್ಚುತ್ತಾಳೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಆಗ ಹೊಸಿಲ ಮೇಲೆ ನೆರಳು ಬೀಳುತ್ತದೆ. ತಂಗಿ. ಅವಳು ಒಳಗೆ ಬರುವುದಿಲ್ಲ, ಹೊಸಿಲ ಆಚೆಯೇ ಕೂತುಕೊಂಡು, "ಒಟ್ಟೆ ಅಸಿತದೆ ಕಣಕ್ಕ" ಅನ್ನುತ್ತಾಳೆ. ಅಕ್ಕ ಬಾ ಅನ್ನುವುದಿಲ್ಲ. ಬಾ ಅನ್ನಬಾರದು ಅಂತ ಆಣೆ ಇದೆ. ಸುಮ್ಮನೆ ಎದ್ದು ಹೋಗಿ ಎರಡು ತಟ್ಟೆ ಹಾಕುತ್ತಾಳೆ.

ಆ ಮಗಳು ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನು ಒಳಗೆ ಹೋಗಿ ಅನ್ನ ಸಾರು ಹಾಕಿಕೊಂಡು ಬಂದೆ. ಒಳಗೆ ಬಾರದೆ ಅಲ್ಲೇ ಹೊಸಿಲ ಹತ್ತಿರ ಕೂತು ಉಂಡಳು. ಕೈ ತೊಳೆದು ಬಂದು ಫೋನು ತೆಗೆದಳು.

"ಇನ್ನೊಂದ್ಸಲ ಏಳಿ ಆಂಟಿ, ರೆಕಾರ್ಡ್ ಮಾಡ್ಕತೀನಿ. ಅಮ್ಮನ್ನ ಮಣ್ಣು ಮಾಡಿರೋ ಕಡೆ ಕೇಳಿಸ್ತೀನಿ" ಅಂದಳು.

ಮತ್ತೆ ಹೇಳಿದೆ. ಸರಿಯಾಗಿ ಬಂದಿದೆಯಾ ಅಂತ ಅವಳು ಹಾಕಿ ನೋಡಿದಳು. ಫೋನಿನೊಳಗಿಂದ ತಗ್ಗಿದ ದನಿಯೊಂದು ಬಂತು. ಒಟ್ಟೆ ಅಸಿತದೆ ಕಣಕ್ಕ ಅಂದಾದ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಮುಂದುವರಿಯಿತು. ಅದು ನನ್ನ ದನಿಯಾಗಿರಲಿಲ್ಲ. ಅವಳಿಗೆ ಹೇಳಿ ಏನು ಹೆದರಿಸೋದು?

ಓದಲು ಬಾರದ ಪುಸ್ತಕ ನನಗ್ಯಾಕೆ, ನೀವೇ ಇಟ್ಟುಕೊಳ್ಳಿ ಅಂತ ಕೊಟ್ಟು, ಸಾಯಂಕಾಲದ ಪಾಲಾರ್ ಬಸ್ಸಿಗೆ ಹೊರಟಳು. ಬಸ್‌ಸ್ಟ್ಯಾಂಡಿನ ತನಕ ಹೋಗಿ ಹತ್ತಿಸಿ ಬಂದೆ. ಬಸ್ಸು ತಿರುಗಿದಾಗ ಒಂದು ಮಾತು ಹೊಳೆದು ನಿಂತಲ್ಲೇ ನಿಂತೆ. ಹೊಳೆ ದಾಟಕೂಡದು ಅಂತ ಅಕ್ಕನಿಗೆ ಆಣೆ ಇತ್ತು. ಇವತ್ತು ಆ ಫೋನಿನೊಳಗೆ ದನಿಯಾಗಿ ಅವಳು ದಾಟಿ ಹೋಗುತ್ತಿದ್ದಾಳೆ. ಆದರೆ ಆಚೆ ದಡದಲ್ಲಿ ಎದ್ದು ಬರಲು ಯಾರೂ ಇಲ್ಲ...

ನಿನ್ನೆ ಕಾಮಗೆರೆಯಿಂದ ಒಬ್ಬರು ಹಳೆಯ ಪುಸ್ತಕ ಹಿಡಿದು ಬಂದರು, ಕೊನೆ ಕೇಳೋಕೆ. ಕೂರಿಸಿ, ನೀರು ಕೊಟ್ಟು, ಶುರು ಮಾಡಿದೆ. ದನಿ ತಗ್ಗಲಿಲ್ಲ. ಎಲ್ಲಿಯೂ ನಿಲ್ಲಲಿಲ್ಲ. ಬರೀ ನನ್ನದೇ ಗಟ್ಟಿ ಗಂಟಲು ಬೀದಿ ತುದಿಯ ತನಕ ಕೇಳಿಸಿತು.