ಮಡಚಿಟ್ಟ ಹಸಿರು ವೈರು

ಮೊದಲ ಸಲ ಅದು ಬರೀ ಜುಮ್ ಅಂದಿತ್ತು.

ಟಿವಿ ಪಕ್ಕದ ಆಂಪ್ಲಿಫೈಯರ್ ಮೇಲೆ ಧೂಳು ಕೂತಿತ್ತು. ಅಂಗೈಯಿಂದ ಒರೆಸಿದೆ. ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂತಾಯಿತು. ಕೈ ಹಿಂದಕ್ಕೆ ತೆಗೆದೆ. ಇನ್ನೊಮ್ಮೆ ಮುಟ್ಟಿದೆ. ಮತ್ತೆ ಅದೇ. ಗಂಡನನ್ನು ಕರೆದೆ. ಸಿದ್ಧಾರ್ಥ ಬಂದು ಮುಟ್ಟಿ ನೋಡಿ ನಕ್ಕ. "ಏನೂ ಇಲ್ಲಲ್ಲ!" ಅವನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ನಾನು ಬರಿಗಾಲಲ್ಲಿದ್ದೆ. ಆ ವ್ಯತ್ಯಾಸ ಇಬ್ಬರಿಗೂ ಹೊಳೆಯಲಿಲ್ಲ.

ನಾನು ಸುಜಾತಾ. ಕಲಬುರಗಿ–ಕಮಲಾಪುರ ಬಸ್ಸಿನಲ್ಲಿ ಕಂಡಕ್ಟರ್. ಮನೆ ಶಹಾಬಜಾರದ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ. ಗಂಡನ ಊರು ಕಮಲಾಪುರ. ಅತ್ತೆ ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ನಮ್ಮ ಜೊತೆ. ಭಾನುವಾರ ನಾನು ಡ್ಯೂಟಿಗೆ ಹೋಗದಿದ್ದರೆ ನೆಂಟರು, ಅಕ್ಕಪಕ್ಕದವರು ನಮ್ಮಲ್ಲಿ ಸೇರುತ್ತಿದ್ದರು. ಬುದ್ಧ ವಂದನೆ ಆಗುತ್ತಿತ್ತು, ಆಮೇಲೆ ಹಾಡು. ಅದಕ್ಕೆಂದೇ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್, ವೈರಿನ ಮೈಕು ತಂದಿದ್ದೆವು. ನನಗೆ ಹಾಡುವ ಹುಚ್ಚು. ಇಡೀ ದಿನ ಬಸ್ಸಿನಲ್ಲಿ "ಮುಂದ ಸರೀರಿ, ಒಳಗ ಹೋಗ್ರಿ" ಎಂದು ಕೂಗಿದ ಗಂಟಲಿಗೆ ಅದೊಂದೇ ಸುಖ.

ತಂದ ಹೊಸತರಲ್ಲಿ ಸ್ಪೀಕರಿನಿಂದ ಸದಾ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅಂಗಡಿಯವರಿಗೆ ಹೇಳಿದೆವು. ಶರಣು ಎಂಬ ಮೆಕ್ಯಾನಿಕ್ ಬಂದ. ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ನೋಡಿದ. ಆಮೇಲೆ ವೈರಿನ ತುದಿಯಲ್ಲಿದ್ದ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ಪಿನ್ನಿನದು ಹಾಕಿಕೊಟ್ಟ. ಸದ್ದು ನಿಂತಿತು. ನಾವು ಖುಷಿಪಟ್ಟೆವು. ಚಹಾ ಕೊಟ್ಟು ಕಳಿಸಿದೆವು.

ಜುಮ್ ಎಂದ ದಿನ ಅವನಿಗೇ ಫೋನ್ ಮಾಡಿದೆ.

"ಅದು ಆಗ್ತದ ಅಕ್ಕೋರೆ. ಮಷೀನ್ ಅಂದಮ್ಯಾಲ ಅಷ್ಟು ಇಷ್ಟು ಕರೆಂಟ್ ಇರ್ತದ. ಚಪ್ಪಲ್ ಹಾಕ್ಕೊಂಡು ಮುಟ್ರಿ."

ಚಪ್ಪಲಿ ಹಾಕಿಕೊಂಡು ಮುಟ್ಟಿರಿ!

ಈ ಮಾತು ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ. ಬಸ್ಸಿನ ಬ್ರೇಕ್ ಹಿಡಿಯುತ್ತಿಲ್ಲ ಎಂದು ಡ್ರೈವರ್ ದೂರು ಕೊಟ್ಟರೆ ಡಿಪೋದವರು "ಮೆಲ್ಲಗ ಓಡಸ್ರಿ" ಎಂದು ಕಳಿಸುತ್ತಾರೆಯೇ? ಆದರೆ ಮನೆಯೊಳಗಿನ ಸಾಮಾನಿನ ಬಗ್ಗೆ ಹೆಣ್ಣುಮಗಳೊಬ್ಬಳು ಫೋನ್ ಮಾಡಿದರೆ ಅಷ್ಟೇ ಉತ್ತರ ಸಾಕು.

ಆ ಭಾನುವಾರ ಮನೆ ತುಂಬ ಜನ. ನೆಲ ಒರೆಸಿ ಇನ್ನೂ ಆರಿರಲಿಲ್ಲ. ವಂದನೆ ಮುಗಿದು ನಾನು ಮೈಕು ಹಿಡಿದು ಹಾಡುತ್ತಿದ್ದೆ. ನಮ್ಮ ಪಡಸಾಲೆಗೆ ಅಂಟಿಕೊಂಡೇ ಬಚ್ಚಲು. ನಳ ಸೋರುತ್ತಿತ್ತು, ಆ ಸದ್ದು ಹಾಡಿಗೆ ಅಡ್ಡ ಬರುತ್ತಿತ್ತು. ಹಾಡುತ್ತಲೇ ಎರಡು ಹೆಜ್ಜೆ ಇಟ್ಟೆ. ಬಲಗೈಯಲ್ಲಿ ಮೈಕು. ಎಡಗೈಯಿಂದ ಕಬ್ಬಿಣದ ನಳ ತಿರುವಿದೆ.

ಮುಂದಿನದನ್ನು ಏನೆಂದು ಹೇಳಲಿ.

ನೋವು ಅಂತ ಅನಿಸಲಿಲ್ಲ. ಯಾರೋ ಎರಡೂ ಕೈಗಳನ್ನು ಒಳಗಿನಿಂದ ಹಿಡಿದು ತಿರುಚಿದಂತೆ. ಮೈಕು ಬಿಡಬೇಕು ಎಂದು ತಲೆ ಹೇಳುತ್ತಿದೆ. ಬೆರಳು ಇನ್ನೂ ಬಿಗಿಯಾಗುತ್ತಿವೆ. ಕೂಗಬೇಕು ಎಂದರೆ ಬಾಯಿ ನನ್ನದಲ್ಲ. ಸ್ಪೀಕರ್ ಮಾತ್ರ ಘರ್ರೆಂದು ಅರಚುತ್ತಿತ್ತು. ಎದುರಿಗೆ ಕೂತವರು ನಾನು ಏನೋ ನಾಟಕ ಮಾಡುತ್ತಿದ್ದೇನೆ ಎಂದುಕೊಂಡರಂತೆ. ಒಂದಿಬ್ಬರು ನಕ್ಕರಂತೆ.

ಅಷ್ಟರಲ್ಲಿ ಎಲ್ಲ ನಿಂತಿತು. ನಾನು ನೆಲದ ಮೇಲಿದ್ದೆ.

ಅತ್ತೆ ಗೋಡೆಯ ಬಟನ್ ಆರಿಸಿದ್ದರು.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ECG ತೆಗೆದರು. "ಹಾರ್ಟ್ ನಾರ್ಮಲ್ ಅದ, ನಸೀಬ್ ಛಲೋ ಅದ ನಿಮ್ದು" ಎಂದರು. ಬಲ ಅಂಗೈ ಸುಟ್ಟಿತ್ತು, ಅದಕ್ಕೆ ಡ್ರೆಸ್ಸಿಂಗ್. ಬಲ ಭುಜ ಮಾತ್ರ ತಡೆಯಲಾರದಷ್ಟು ನೋಯುತ್ತಿತ್ತು. X-ray ಆಯಿತು. ದೊಡ್ಡ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿದರು.

"ಫ್ರ್ಯಾಕ್ಚರ್ ಇಲ್ಲ. ಮಸಲ್ ಹಿಡ್ಕೊಂಡದ. ಹೋಗ್ತದ."

"ಸರ್, ಕೈ ಹೊಟ್ಟಿಗೆ ಅಂಟಿಕೊಂಡಂಗ ಆಗ್ಯದ. ಹೊರಗ ತಿರುಗವಲ್ದು."

"ಹೆದರಿಕಿ ಅಮ್ಮಾ. ಹೆಣ್ಮಕ್ಕಳಿಗೆ ನೋವು ತಡ್ಕೊಳ್ಳೋದು ಆಗಂಗಿಲ್ಲ. ಟೆನ್ಶನ್ ತಗೋಬ್ಯಾಡ್ರಿ."

ಎರಡು ಹೆರಿಗೆ ಆದವಳು ನಾನು. ಜಾತ್ರೆಯ ದಿನದಂತೆ ತುಂಬಿದ ಬಸ್ಸಿನಲ್ಲಿ ಒಂಟಿ ಕೈಯಲ್ಲಿ ಜೋತುಬಿದ್ದು ಟಿಕೆಟ್ ಹರಿದವಳು. ನನಗೆ ನೋವು ತಡೆಯಲು ಬರುವುದಿಲ್ಲವಂತೆ. ಕೈಗೆ ಆಸರೆಯಾಗಿ ಕೊರಳಿಗೊಂದು ಜೋಳಿಗೆ ಕಟ್ಟಿ, ನೋವಿನ ಗುಳಿಗೆ ಕೊಟ್ಟು ಕಳಿಸಿದರು.

ನೋಡಲು ಬಂದವರೆಲ್ಲ ಅತ್ತೆಯನ್ನು ಹೊಗಳಿದ್ದೇ ಹೊಗಳಿದ್ದು. ಓಡಿಹೋಗಿ ನನ್ನನ್ನು ಹಿಡಿದಿದ್ದರೆ ಇಬ್ಬರೂ ಹೋಗುತ್ತಿದ್ದರು, ಎಂಥ ಸಮಯಪ್ರಜ್ಞೆ ಎಂದು. ಪಕ್ಕದ ಮನೆಯ ಬಾನು ಆಪಾ ಅಂತೂ ಅತ್ತೆಯ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಎಲ್ಲರೂ ಹೋದ ಮೇಲೆ ಅತ್ತೆ ನನ್ನ ಹಾಸಿಗೆಯ ಅಂಚಿಗೆ ಬಂದು ಕೂತರು.

"ಸುಜಾತಾ, ನಿನಗ ಶಾಕ್ ಹೊಡದದ ಅಂತ ನನಗ ಗೊತ್ತೇ ಇರಲಿಲ್ಲವಾ. ಆ ಸದ್ದಿಗೆ ತಲಿ ಸಿಡ್ಯಾಕತ್ತಿತ್ತು. ಸಾಕಾಗಿ ಬಂದ್ ಮಾಡಿದೆ. ಅಷ್ಟೇ."

ಹೇಳಿ ಅತ್ತುಬಿಟ್ಟರು. ನಾನು ಎಡಗೈಯಿಂದ ಅವರ ಕಣ್ಣೊರೆಸಿದೆ. ನಗುವೂ ಬಂತು. ಆಮೇಲೆ ಮೈ ತಣ್ಣಗಾಯಿತು.

ಅಂದರೆ ನನ್ನ ಜೀವ ನಿಂತಿದ್ದು ಇದರ ಮೇಲೆ. ಮುದುಕಿಯೊಬ್ಬಳ ತಲೆನೋವಿನ ಮೇಲೆ. ಆ ದಿನ ಅತ್ತೆ ಕಮಲಾಪುರದಲ್ಲಿ ಇದ್ದಿದ್ದರೆ? ನನ್ನ ಹಾಡು ಅವರಿಗೆ ಇಷ್ಟವಾಗಿಬಿಟ್ಟಿದ್ದರೆ? ಒಂದು ಸಾಮಾನು ಮಾಡುವವರು, ಮಾರುವವರು, ಮನೆಗೆ ಬಂದು ಜೋಡಿಸುವವರು, ಇವರೆಲ್ಲ ಮಾಡಬೇಕಾದ್ದನ್ನು ಮಾಡದೆ ಬಿಟ್ಟು ಉಳಿದದ್ದನ್ನು ಅದೃಷ್ಟಕ್ಕೆ ವಹಿಸಿದ್ದರು. ಇದನ್ನು ನಸೀಬು ಎಂದು ಕರೆದು ಕೈಮುಗಿಯಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ.

ವಿಶ್ರಾಂತಿಗೆಂದು ಕಮಲಾಪುರಕ್ಕೆ ಹೋದೆ. ನಾನೇ ಟಿಕೆಟ್ ಕೊಡುತ್ತಿದ್ದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ರಸ್ತೆಯ ಪ್ರತಿ ಕುಣಿಗೂ ಹಲ್ಲು ಕಚ್ಚಿ.

ಅಲ್ಲಿ ಅತ್ತೆ ನನಗೆ ಸ್ನಾನ ಮಾಡಿಸುತ್ತಿದ್ದರು. ಕುಬಸದ ಗುಂಡಿ ಹಾಕುತ್ತಿದ್ದರು. ರೊಟ್ಟಿ ಮುರಿದು ತಟ್ಟೆಗೆ ಹಾಕುತ್ತಿದ್ದರು. ನೋವು ಕಡಿಮೆಯಾಗಲೇ ಇಲ್ಲ. ಅಂಗೈಯನ್ನು ಆಕಾಶಕ್ಕೆ ಮುಖ ಮಾಡಿ ತಿರುಗಿಸಲು ಆಗುತ್ತಿರಲಿಲ್ಲ. ಊಟಕ್ಕೆ ಕೈ ನೀಡಿದರೆ ಕೈ ತಟ್ಟೆಯ ಕಡೆ ಹೋಗದೆ ಹೊಟ್ಟೆಯ ಕಡೆಗೇ ಬರುತ್ತಿತ್ತು. ನೋಡಲು ಬಂದವರ ಮಾತು ಬೇರೆ. "ಒದ್ದಿ ನೆಲದಾಗ ನಿಂತು ಮೈಕ್ ಯಾಕ ಹಿಡಿದಿ?" "ಹಾಡುವಾಗ ನಳ ಯಾಕ ಮುಟ್ಟಿದಿ?" ಎಲ್ಲರ ಪ್ರಶ್ನೆಯೂ ನನಗೇ. ಅಲ್ಲರೀ, ನೆಲ ಒರೆಸುವುದು, ನಳ ಮುಚ್ಚುವುದು, ಇವು ಮನೆಯಲ್ಲಿ ಮಾಡುವ ಕೆಲಸಗಳಲ್ಲವೇ? ಇಷ್ಟು ಮಾಡಿದರೆ ಕೊಲ್ಲುವ ಸಾಮಾನನ್ನು ಮನೆಯೊಳಗೆ ತಂದಿಟ್ಟವರನ್ನು ಯಾರೂ ಕೇಳಲಿಲ್ಲ.

ಜೋಳಿಗೆಯೊಳಗಿನ ಕೈ ಕಡ್ಡಿಯಂತಾಗುತ್ತಿದೆ ಎಂದು ಅತ್ತೆಯೇ ಹಟ ಹಿಡಿದು ಊರಿನ ಆಸ್ಪತ್ರೆಗೆ ಕರೆದೊಯ್ದರು. ಡ್ಯೂಟಿಯಲ್ಲಿದ್ದವಳು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, ಮುಂಗೈಯನ್ನು ಮೆಲ್ಲಗೆ ಹೊರಗೆ ತಿರುಗಿಸಲು ನೋಡಿದಳು. ನಾನು ಚೀರಿದೆ. ಕೈ ಕೂದಲೆಳೆಯಷ್ಟೂ ಸರಿಯಲಿಲ್ಲ.

"ಕರೆಂಟ್ ಹೊಡೆದ ಮೇಲೇನಾ ಹೀಗಾಗಿದ್ದು?"

"ಹೌದ್ರಿ."

"ಸೈಡ್‌ನಿಂದ X-ray ತೆಗೆದ್ರಾ?"

"ಇಲ್ರಿ. ಮುಂದಿನಿಂದ ಒಂದೇ."

ಅವಳ ಮುಖ ಬಿಗಿಯಾಯಿತು. ಕಲಬುರಗಿಯ ಬೇರೆ ಆಸ್ಪತ್ರೆಗೆ ಅಲ್ಲಿಂದಲೇ ಫೋನ್ ಮಾಡಿದಳು. ಅಲ್ಲಿ ಪಕ್ಕದಿಂದ X-ray ಆಯಿತು, CT ಸ್ಕ್ಯಾನ್ ಆಯಿತು.

ನನ್ನ ಭುಜ ಕೀಲು ತಪ್ಪಿ ಹಿಂದಕ್ಕೆ ಜಾರಿತ್ತು.

ಶಾಕ್ ಹೊಡೆದಾಗ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ಮೂಳೆಯನ್ನು ಅದರ ಜಾಗದಿಂದ ಎಳೆದುಹಾಕಿದ್ದವು. posterior dislocation ಎಂದರು. ಎದುರಿನಿಂದ ತೆಗೆದ X-rayಯಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲವಂತೆ, ಅದಕ್ಕೇ ಇನ್ನೊಂದು ಬದಿಯಿಂದ ನೋಡಬೇಕಂತೆ. ಅಷ್ಟು ದಿನ ಜಾರಿದ ಮೂಳೆ ಕೀಲಿನ ಅಂಚಿಗೆ ಒತ್ತಿ ಒತ್ತಿ ಮೂಳೆಯ ತಲೆಯಲ್ಲೇ ಗುಂಡಿ ಬಿದ್ದಿತ್ತು. ಮೊದಲೇ ಗೊತ್ತಾಗಿದ್ದರೆ ಎಳೆದು ಕೂರಿಸಿಬಿಡಬಹುದಿತ್ತು. ಈಗ ಆಪರೇಷನ್ನೇ ಆಗಬೇಕಾಯಿತು.

ಸಿದ್ಧಾರ್ಥ ಮೊದಲಿನ ಡಾಕ್ಟರ ಹತ್ತಿರ ಹೋಗಿ ಕೇಳಿದ. "ರೇರ್ ಕೇಸ್ ರೀ, ಮಿಸ್ ಆಗ್ತದ" ಎಂದರಂತೆ. ರೇರ್ ಇರಬಹುದು. ಆದರೆ ನಾನು ಹೇಳಿದ್ದೆನಲ್ಲ? ಕೈ ಹೊರಗೆ ತಿರುಗವಲ್ದು ಎಂದು ಬಾಯಿಬಿಟ್ಟು ಹೇಳಿದ್ದೆನಲ್ಲ? ಅಪರೂಪದ ಕಾಯಿಲೆ ಕಣ್ತಪ್ಪಿದ್ದನ್ನು ಕ್ಷಮಿಸಬಲ್ಲೆ. ನನ್ನ ಮಾತನ್ನು ಟೆನ್ಶನ್ ಎಂದು ಬದಿಗೆ ಸರಿಸಿದ್ದನ್ನು ಕ್ಷಮಿಸಲಾರೆ.

ಆಪರೇಷನ್ ಆದ ಮೇಲೆ ಫಿಜಿಯೋಥೆರಪಿ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುವುದು. ಕೋಲು ಹಿಡಿದು ಹೊರಕ್ಕೆ ತಳ್ಳುವುದು. ಕಣ್ಣಲ್ಲಿ ನೀರು ಬರುತ್ತಿತ್ತು, ನಾನು ಬಿಡುತ್ತಿರಲಿಲ್ಲ. ಸಿಟ್ಟು ಅಲ್ಲಿ ಕೆಲಸಕ್ಕೆ ಬಂತು.

ಕೈ ಸ್ವಲ್ಪ ಆಡತೊಡಗಿದ ಮೇಲೆ ಮೊದಲು ಹೋದದ್ದು ಸೌಂಡ್ ಅಂಗಡಿಗೆ. ಅಷ್ಟರಲ್ಲಿ ಒಬ್ಬ ಎಲೆಕ್ಟ್ರಿಷಿಯನ್‌ನಿಂದ ಆಂಪ್ಲಿಫೈಯರ್ ಬಿಚ್ಚಿಸಿ ನೋಡಿದ್ದೆವು. ಒಳಗೆ ಒಂದು ಕಡೆ ವೈರಿನ ಸಿಪ್ಪೆ ಸುಟ್ಟು ಕರೆಂಟು ಹೊರಗಿನ ತಗಡಿಗೆ, ತಗಡಿನಿಂದ ಮೈಕಿಗೆ ಇಳಿದಿತ್ತು. ಹೀಗೆ ಕೆಟ್ಟಾಗ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸಬೇಕಾದದ್ದು ಹಸಿರು ವೈರು, ಅಂದರೆ ಅರ್ಥಿಂಗ್. ಮೂರನೆಯ ಪಿನ್ ಇರುವುದೇ ಅದಕ್ಕೆ. ಆ ಹಸಿರು ವೈರನ್ನು ಶರಣು ಹಿಂದಕ್ಕೆ ಮಡಚಿ, ಮೇಲೆ ಕರಿ ಟೇಪು ಸುತ್ತಿ ಚಂದವಾಗಿ ಮುಚ್ಚಿದ್ದ.

ಪ್ಲಗ್ಗನ್ನು ಅಂಗಡಿಯ ಗಾಜಿನ ಮೇಲೆ ಇಟ್ಟೆ.

"ಇದು ನಿಮ್ಮ ಕೆಲಸ ಹೌದಿಲ್ಲೋ?"

ಮಾಲೀಕ ಅದನ್ನು ಮುಟ್ಟಲೂ ಇಲ್ಲ. "ನೀವೇ ಗುಂಯ್ ಅಂತದ ಅಂದ್ರಿ. ಅರ್ಥಿಂಗ್ ತೆಗೆದ್ರ ಆ ಹಮ್ ಸದ್ದು ಹೋಗ್ತದ. ಕಸ್ಟಮರ್ ಕೇಳಿದಂಗ ಮಾಡಿಕೊಟ್ಟೀವಿ."

"ಗುಂಯ್ ಅಂತದ ಅಂದೆ. ನನ್ನ ಕೊಲ್ರಿ ಅಂದಿರಲಿಲ್ಲ. ಟಿವಿ ಕೇಬಲ್ ಬ್ಯಾರೆ ಮಾಡಿ ನೋಡಬಹುದಿತ್ತು, ಟಿವಿ, ಆಂಪ್ಲಿಫೈಯರ್ ಎರಡೂ ಒಂದೇ ಬೋರ್ಡಿಗೆ ಹಾಕಿ ನೋಡಬಹುದಿತ್ತು. ನನಗ ಈಗ ಗೊತ್ತಾಗ್ಯದ. ನಿಮಗ ಮೊದಲೇ ಗೊತ್ತಿರಬೇಕಿತ್ತು."

ಹಿಂದೆ ನಿಂತಿದ್ದ ಶರಣು ತಲೆ ಎತ್ತದೆ ಹೇಳಿದ, "ಅಕ್ಕೋರೆ, ಎಲ್ಲರ ಮನ್ಯಾಗೂ ಹಿಂಗೇ ಮಾಡೀನಿ."

ಎಲ್ಲರ ಮನೆಯಲ್ಲೂ.

ಮಾಲೀಕ ಅವನನ್ನು ಗದರಿಸಿದ. ನನಗೆ ಮಾತ್ರ ಬೇರೇನೂ ಕೇಳಿಸಲಿಲ್ಲ. ನಮ್ಮ ಗಲ್ಲಿಯಲ್ಲೇ ಎಷ್ಟು ಮನೆಗಳಿಂದ ಹಾಡು, ಸಿನಿಮಾ, ಕವ್ವಾಲಿ ಕೇಳಿಬರುತ್ತದೆ. ಎಷ್ಟು ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ.

"ಹಂಗಾದ್ರ ಎಲ್ಲರ ಮನಿಗೂ ನಡಿ" ಎಂದೆ.

ಬರುತ್ತಾನೆಂದು ನಾನು ನಂಬಿರಲಿಲ್ಲ. ಅಂಗಡಿಯ ರಜೆಯ ದಿನ ಶರಣು ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ. ನಾನು ಮುಂದೆ, ಅವನು ಹಿಂದೆ, ಗಲ್ಲಿ ಹಿಡಿದೆವು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಕೆಲವರು ನಕ್ಕರು. ಬಾನು ಆಪಾ ಒಳಗೆ ಕರೆದಳು, ಆದರೆ ಅವಳ ಗಂಡನಿಗೆ ಇಷ್ಟವಿರಲಿಲ್ಲ.

"ಇತ್ತೇ ಸಾಲಾಂ ಸೇ ಚಲ್ ರಹಾ ಹೈ, ಕುಛ್ ನಹೀಂ ಹುವಾ" ಎಂದ. ಇಷ್ಟು ವರ್ಷದಿಂದ ನಡೆದಿದೆ, ಏನೂ ಆಗಿಲ್ಲವಂತೆ.

ಶರಣು ಟೆಸ್ಟರ್ ತೆಗೆದು ಅವರ ಆಂಪ್ಲಿಫೈಯರಿನ ಸ್ಕ್ರೂಗೆ ತಾಗಿಸಿದ.

ಟೆಸ್ಟರಿನ ದೀಪ ಹತ್ತಿತು.

ಅವರ ಮೊಮ್ಮಗಳು ಸ್ಪೀಕರಿಗೆ ಬೆನ್ನು ಕೊಟ್ಟು ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಬಾನು ಆಪಾ ಮಗುವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಅವಳ ಗಂಡ ತಾನೇ ಹೋಗಿ ಮೇನ್ ಆರಿಸಿದ. "ಇದು ನನ್ನ ಕೈಲೆ ಆದ ತಪ್ಪದ ಚಾಚಾ" ಎಂದು ಶರಣು ನೆಲದ ಮೇಲೆ ಕೂತು ಪ್ಲಗ್ ಬಿಚ್ಚತೊಡಗಿದ. ಮೂರು ಪಿನ್ ಹಾಕಿದ. ಗೋಡೆಯ ಬೋರ್ಡಿನಲ್ಲಿ ಅರ್ಥಿಂಗ್ ಇದೆಯೇ ಎಂದು ನೋಡಿದ. ಒಳಗೆ ರಿಪೇರಿ ಆಗುವ ತನಕ ಹಚ್ಚಬೇಡಿರಿ ಎಂದು ಎರಡೆರಡು ಸಲ ಹೇಳಿದ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿ ಅರ್ಧ ಇಳಿಯಿತು. ಅವನಿಗೆ ಸರಿಯಾಗಿ ಕಲಿಸದೆ ಮನೆಮನೆಗೆ ಕಳಿಸಿದವನ ಮೇಲಿನದು ಇಳಿದಿಲ್ಲ. ಗ್ರಾಹಕರ ವೇದಿಕೆಗೆ ದೂರು ಕೊಟ್ಟಿದ್ದೇವೆ. ಏನಾಗುತ್ತದೋ ನೋಡಬೇಕು.

ನಮ್ಮ ಮನೆಯ ಮೇನ್ ಹತ್ತಿರ ಈಗ RCCB ಎಂಬ ಸ್ವಿಚ್ಚು ಕೂತಿದೆ. ಕರೆಂಟು ದಾರಿ ತಪ್ಪಿ ಮೈಗೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬಿದ್ದು ಕರೆಂಟು ಕಡಿಯುತ್ತದೆ. ಅತ್ತೆ ಅದನ್ನು ನೋಡಿ, "ಇನ್ ಮ್ಯಾಲ ನಾ ಬ್ಯಾಡ ನಿನಗ" ಎಂದು ನಕ್ಕರು. ಬೇಕು ಎಂದೆ.

ಭುಜ ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿಯಾಗಿದೆ. ಕೈ ಕಿವಿಯ ಮಟ್ಟಕ್ಕೆ ಏರುತ್ತದೆ, ಅಲ್ಲಿ ನಿಲ್ಲುತ್ತದೆ. ಎರಡು ಬೆರಳಿಗೆ ಬಿಸಿ ತಂಪು ಸರಿಯಾಗಿ ತಿಳಿಯುವುದಿಲ್ಲ. ಬಸ್ಸಿನ ಕೆಲಸ ಸದ್ಯಕ್ಕಿಲ್ಲ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿಗೆ ಹಾಕಿದ್ದಾರೆ. ಮೊದಮೊದಲು ಅದೂ ಅವಮಾನ ಅನಿಸಿತ್ತು.

ಮೊನ್ನೆ ಒಬ್ಬ ಅಜ್ಜಿ ಕಿಟಕಿಗೆ ಬಂದಳು. "ಯವ್ವಾ, ಬೀದರ ಬಸ್ ಎಲ್ಲಿ ನಿಂದ್ರತದ?"

ಎದ್ದು ಹೊರಗೆ ಬಂದೆ. "ಅಕಾ ಅಲ್ಲಿ, ಆ ಕಂಬದ ಬಾಜೂಕ" ಎಂದೆ. ಹೇಳಿದ ಮೇಲೆ ನೋಡಿಕೊಂಡೆ. ನನ್ನ ಬಲಗೈ ಪಕ್ಕಕ್ಕೆ ಚಾಚಿತ್ತು. ಅಂಗೈ ಹೊರಗೆ ತಿರುಗಿತ್ತು. ನೋಯುತ್ತಿತ್ತು.

ಅಜ್ಜಿ ಕಂಬ ಮುಟ್ಟುವವರೆಗೂ ಕೈ ಇಳಿಸಲಿಲ್ಲ.